ಮುಟ್ಟಿ ನೋಡಿದ ದೇವಿ

ಲೀಡ್ಸ್‌ನಲ್ಲಿ ಸೊಂಟ ಹಿಡಿದುಕೊಂಡ ಕನ್ನಡಿಗರು ಎಷ್ಟು ಜನ ಇದ್ದರೋ ಅಷ್ಟೂ ಜನ ಒಂದಲ್ಲ ಒಂದು ದಿನ ದೂಮಪ್ಪನವರ ಮನೆಯ ಮುಂದಿನ ಕೋಣೆಯಲ್ಲಿ ಬೋರಲು ಮಲಗಿ ಎದ್ದವರೇ. ಹಗಲು ಅವರು ದೊಡ್ಡ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್, ಸಂಜೆ ಪರಿಚಯದವರಿಗೆ ಪುಕ್ಕಟೆ ಸೇವೆ. GP ಡಾಕ್ಟರು ಬರೆದುಕೊಟ್ಟ ಮಾತ್ರೆ ನುಂಗಿ ನುಂಗಿ ಬೇಸತ್ತವರು ಬರುತ್ತಿದ್ದರು. ತಾವೇ GP ಆಗಿದ್ದು, ಬಂದದ್ದನ್ನು ಯಾರಿಗೂ ಹೇಳಬೇಡಿ ಎಂದು ಬೇಡಿಕೊಂಡವರೂ ಬರುತ್ತಿದ್ದರು. ಬೆನ್ನು ನೋವು ಎಂದು ಬಂದವರ ಪಾದವನ್ನು ದೂಮಪ್ಪನವರು ಮೊದಲು ಹಿಡಿಯುತ್ತಿದ್ದರು. "ನೋವು ಮೇಲೆ ಮಾರಾಯ್ರೆ, ಕೆಳಗಲ್ಲ" ಎಂದರೆ, "ಮನೆ ವಾಲಿದ್ರೆ ಮಾಡಿನ ಹಂಚು ಎಣಿಸ್ತೀರಾ? ಅಡಿಪಾಯ ನೋಡುವ, ಸುಮ್ಮನೆ ಮಲಗಿ" ಎನ್ನುವರು. ಹಿಮ್ಮಡಿಯಿಂದ ಶುರುಮಾಡಿ ಮೇಲೆ ಮೇಲೆ ಹೋಗಿ, ಕೊನೆಗೆ ಕುತ್ತಿಗೆಯ ಹತ್ತಿರ ಕೈ ನಿಲ್ಲಿಸಿ "ಆಯ್ತು, ಏಳಿ" ಎನ್ನುವಷ್ಟರಲ್ಲಿ ಬಂದವರಿಗೆ ಅರ್ಧ ನೋವು ಮರೆತೇ ಹೋಗಿರುತ್ತಿತ್ತು. ಅಂಥ ಕೈ.

ರಿಟೈರ್ ಆದ ಮೇಲೆ ಕಣ್ಣು ಕೈಕೊಟ್ಟಿತು. ಪೂರ್ತಿ ಕತ್ತಲೆ ಏನಲ್ಲ. ನೋಟದ ನಡುಭಾಗ ಸವೆದುಹೋಗಿ ಅಂಚು ಮಾತ್ರ ಉಳಿಯಿತು. ಎದುರಿಗೆ ನಿಂತವರ ಕಿವಿ ಕಾಣುತ್ತದೆ, ಭುಜ ಕಾಣುತ್ತದೆ, ಮುಖ ಇರಬೇಕಾದಲ್ಲಿ ಬೂದಿ ಬಣ್ಣದ ಒಂದು ತೂತು. ಅದಕ್ಕೆ ಔಷಧಿ ಇಲ್ಲವೆಂದು ಡಾಕ್ಟರು ಹೇಳಿ, ಕಣ್ಣು ಒಣಗದಿರಲಿ ಎಂದು ರೆಪ್ಪೆಗೆ ಹಚ್ಚುವ ಒಂದು ಮುಲಾಮು ಮಾತ್ರ ಕೊಟ್ಟಿದ್ದರು. ದೂಮಪ್ಪನವರು ಮುಂದಿನ ಕೋಣೆಯ ಬಾಗಿಲು ಹಾಕಿದರು. ಕಣ್ಣಿಲ್ಲದ ಫಿಸಿಯೋಥೆರಪಿಸ್ಟರು ಈ ದೇಶದಲ್ಲಿ ಹೊಸಬರೇನಲ್ಲ. ಅವರಿಗೆ ಕಲಿಸಿದ ಮೇಷ್ಟ್ರೊಬ್ಬರೇ ಕುರುಡರಾಗಿದ್ದರು, ಬೆರಳಲ್ಲೇ ಇಡೀ ಅಸ್ಥಿಪಂಜರ ಓದುತ್ತಿದ್ದರು. ಅದೆಲ್ಲ ದೂಮಪ್ಪನವರಿಗೆ ಗೊತ್ತು. ಇನ್ನೊಬ್ಬರ ವಿಷಯದಲ್ಲಿ ಗೊತ್ತಿರುವುದು ಬೇರೆ, ನಮಗೇ ಬಂದಾಗ ಬೇರೆ. ಬಿಳಿ ಕೋಲು ಬೇಡ ಎಂದರು, ಪಾರ್ಕಿಗೆ ಬರುವುದಿಲ್ಲ ಎಂದರು, ಕಿಟಕಿಯ ಪಕ್ಕದ ಕುರ್ಚಿಗೆ ಅಂಟಿಕೊಂಡರು. "ನೋಡ್ಲಿಕ್ಕೆ ಇನ್ನು ಎಂತ ಉಂಟು?" ಎನ್ನುವುದು ಆ ಮನೆಯಲ್ಲಿ ದಿನಕ್ಕೊಮ್ಮೆಯಾದರೂ ಕೇಳಿಬರುವ ಮಾತಾಯಿತು.

ಹೆಂಡತಿ ಪ್ರಫುಲ್ಲಾ ಆ ಮಾತಿಗೆ ಮೊದಮೊದಲು ಅಳುತ್ತಿದ್ದರು, ಆಮೇಲೆ ಸಿಟ್ಟಾಗುತ್ತಿದ್ದರು, ಈಗ ಮಿಕ್ಸಿ ಹಾಕುತ್ತಿದ್ದರು. ಆದರೆ ಆ ಮಾತಿನ ಬುಡದಲ್ಲಿ ಏನಿತ್ತೆಂದು ಅವರಿಗೂ ಗೊತ್ತಿರಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ದೂಮಪ್ಪನವರು ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ.

ಅವರು ಹುಟ್ಟಿದ್ದು ಉಡುಪಿಯಿಂದ ತೆಂಕಕ್ಕೆ, ಸಮುದ್ರದ ಸದ್ದು ಕೇಳುವಷ್ಟು ಹತ್ತಿರದ ಒಂದು ಊರಿನಲ್ಲಿ. ಊರಿಗೊಂದು ದೇವಿಯ ಗುಡಿ. ದೂಮಪ್ಪನವರ ಮನೆಯವರು ನಿಲ್ಲುತ್ತಿದ್ದದ್ದು ಹೊರಗಿನ ಅಂಗಳದಲ್ಲಿ, ಧ್ವಜಸ್ತಂಭದಿಂದಲೂ ಆಚೆಗೆ. ಯಾರು ಬೇಕಾದರೂ ಒಳಗೆ ಹೋಗಬಹುದೆಂದು ಕಾಯ್ದೆ ಆಗಲೇ ಬಂದಿತ್ತು. ಆದರೆ ಆ ಅಂಗಳದಲ್ಲಿ ಕಾಯ್ದೆಯನ್ನು ಯಾರೂ ಓದಿ ಹೇಳಿರಲಿಲ್ಲ, ಹೇಳಿದ್ದರೂ ಇವರು ಕಾಲು ಮುಂದಿಡುತ್ತಿರಲಿಲ್ಲ. ಅಲ್ಲಿಂದ ನೋಡಿದರೆ ಒಂದು ಬಾಗಿಲು, ಅದರೊಳಗೆ ಇನ್ನೊಂದು ಬಾಗಿಲು, ಅದರೊಳಗೆ ಕತ್ತಲೆ, ಕತ್ತಲೆಯಲ್ಲಿ ಒಂದು ದೀಪದ ಚುಕ್ಕಿ. ಮಂಗಳಾರತಿಯ ಹೊತ್ತಿಗೆ ಮುಂದಿನವರೆಲ್ಲ ಕೈಯೆತ್ತಿ ಮುಗಿದು ಆ ಚುಕ್ಕಿಯನ್ನೂ ಮುಚ್ಚಿಬಿಡುತ್ತಿದ್ದರು. ಆಗ ಅಮ್ಮ ಹುಡುಗನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು, ಕುತ್ತಿಗೆ ಮೇಲಕ್ಕೆ ತಿರುಗಿಸಿ ಕೇಳುತ್ತಿದ್ದಳು: "ತೋಜುಂಡಾ?" ತುಳುವಿನಲ್ಲಿ, ಕಾಣುತ್ತದಾ ಎಂದು.

ಹುಡುಗನಿಗೆ ಕಾಣುತ್ತಿದ್ದದ್ದು ದೀಪದ ಚುಕ್ಕಿ ಮತ್ತು ಭಟ್ಟರ ಬರಿಬೆನ್ನು. ಬೆಳಗಿನಿಂದ ಗದ್ದೆಯಲ್ಲಿ ಬಗ್ಗಿ ನೆಟ್ಟ ಅಮ್ಮನ ಹೆಗಲು ಅವನ ಭಾರಕ್ಕೆ ನಡುಗುವುದು ಅವನ ತೊಡೆಗೆ ತಿಳಿಯುತ್ತಿತ್ತು. ಇಲ್ಲ ಎಂದರೆ ಅವಳು ಇಳಿಸುವುದಿಲ್ಲ, ಇನ್ನಷ್ಟು ಎತ್ತರಕ್ಕೆ ಎತ್ತುತ್ತಾಳೆ. ಆದ್ದರಿಂದ ಹುಡುಗ "ತೋಜುಂಡು" ಎನ್ನುತ್ತಿದ್ದ. ಕಾಣುತ್ತದೆ ಎಂದ ಕೂಡಲೇ ಅವಳ ಮುಖ ಅರಳುತ್ತಿತ್ತು. ತನಗೆ ಕಾಣಲಿಲ್ಲವಲ್ಲ ಎಂಬುದೇ ಅವಳಿಗೆ ಮರೆತುಹೋಗುತ್ತಿತ್ತು.

ದೊಡ್ಡವರಾಗಿ, ಇಂಗ್ಲೆಂಡಿಗೆ ಬಂದು, ರಜೆಯಲ್ಲಿ ಊರಿಗೆ ಹೋದಾಗ ದೂಮಪ್ಪನವರು ಅದೇ ಗುಡಿಯ ಒಳಗೆ ಹೋದರು. ಕಾಲ ಬದಲಾಗಿತ್ತು, ಯಾರೂ ತಡೆಯಲಿಲ್ಲ. ಆದರೆ ಅಷ್ಟರಲ್ಲಿ ದೇವಿಗೆ ಬೆಳ್ಳಿಯ ಮುಖವಾಡ ಬಂದಿತ್ತು, ಕೊರಳಿನಿಂದ ಪಾದದವರೆಗೆ ಹೂವು, ಸೀರೆ. ಹಿಂದಿನಿಂದ ತಳ್ಳುವ ಸಾಲು. ಕಲ್ಲು ಎಲ್ಲೂ ಕಾಣಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಅವರು ಹೋಗುವುದನ್ನೇ ಕಡಿಮೆ ಮಾಡಿದರು. ಇನ್ನೊಮ್ಮೆ ಸರಿಯಾಗಿ ನೋಡಿದರಾಯಿತು ಎಂದುಕೊಂಡಿದ್ದರು. ಅಷ್ಟರಲ್ಲಿ ನೋಡುವ ಕಣ್ಣೇ ಹೋಯಿತು. ಇನ್ನು ಅಮ್ಮನಿಗೆ ಹೇಳಿದ ಆ ಸುಳ್ಳು ಸುಳ್ಳಾಗಿಯೇ ಉಳಿಯಿತಲ್ಲ ಎಂಬ ಸಂಕಟ ಅವರನ್ನು ಒಳಗೇ ಕೊರೆಯುತ್ತಿತ್ತು. ಎಪ್ಪತ್ತು ದಾಟಿದ ಮನುಷ್ಯ ಇಂಥದ್ದನ್ನು ಯಾರ ಹತ್ತಿರ ಹೇಳಿಕೊಳ್ಳುತ್ತಾನೆ?

ಪ್ರಫುಲ್ಲಾ ಒಂದು ದಿನ ಫೋನಿನಲ್ಲಿ ಯಾರ ಜೊತೆಗೋ ಮಾತಾಡಿ ಬಂದು, "ನಾಳೆ ದೇವಿಯ ದರ್ಶನಕ್ಕೆ ಹೋಗುವ" ಎಂದರು.

"ನನಗೆ ಎಂತ ದರ್ಶನ?"

"ನಿಮಗಲ್ಲ, ನನಗೆ. ಹರಕೆ ಉಂಟು. ಒಬ್ಬಳೇ ಡ್ರೈವ್ ಮಾಡ್ಲಿಕ್ಕೆ ಬೇಜಾರು, ಜೊತೆಗೆ ಕೂತುಕೊಳ್ಳಿ ಅಷ್ಟೆ."

ಹರಕೆ ಎಂದ ಮೇಲೆ ಎದುರು ಮಾತಿಲ್ಲ. ಲೆಸ್ಟರ್‌ನ ದೇವಸ್ಥಾನ ಇರಬೇಕೆಂದು ದೂಮಪ್ಪನವರು ಅಂದುಕೊಂಡರು. ಬೆಳಿಗ್ಗೆ ತಲೆಗೆ ಎಣ್ಣೆ ಹಾಕಿ ಮಿಂದು, ಗುಡಿಗೆ ಹೋಗುವ ದಿನ ಮಾಡುವಂತೆ ಕಾಫಿ ಬಿಟ್ಟು ಬೇರೇನೂ ಬಾಯಿಗೆ ಹಾಕದೆ ಕಾರು ಹತ್ತಿದರು. ಸ್ವಲ್ಪ ದೂರ ಹೋದ ಮೇಲೆ ಕಿವಿ ಟಪ್ಪೆಂದು ಮುಚ್ಚಿತು. ರಸ್ತೆ ಏರುತ್ತಿದೆ. ಗಾಳಿ ಕಾರನ್ನು ಬದಿಗೆ ನೂಕುತ್ತಿದೆ. ಕಿಟಕಿಯ ಅಂಚಿನಲ್ಲಿ ಕಂದು ಬಣ್ಣದ ಬೋಳು ಗುಡ್ಡ.

"ಇದು ಲೆಸ್ಟರ್ ರೋಡ್ ಅಲ್ಲ. ಪೆನೈನ್ ಗುಡ್ಡ ಹತ್ತುತ್ತಾ ಇದ್ದೇವೆ. ಎಲ್ಲಿಗೆ ಕರ್ಕೊಂಡು ಹೋಗ್ತಾ ಇದ್ದಿ?"

"ದೇವಿ ಇರುವಲ್ಲಿಗೇ" ಎಂದರು ಪ್ರಫುಲ್ಲಾ, ರೇಡಿಯೋ ಜೋರು ಮಾಡಿ.

ಇಳಿದದ್ದು ಮ್ಯಾಂಚೆಸ್ಟರ್ ಕಡೆಯ ಒಂದು ಕಲಾ ಮ್ಯೂಸಿಯಂ ಮುಂದೆ. ಕಣ್ಣು ಮಂದವಾದವರಿಗೆ ಅಲ್ಲಿ ಆಗಾಗ ಒಂದು ಕೂಟ ನಡೆಯುತ್ತದೆ, ಆಯ್ದ ವಸ್ತುಗಳನ್ನು ಕೈಯಿಂದ ಮುಟ್ಟಿ ನೋಡಲು ಬಿಡುತ್ತಾರೆ ಎಂದು ಮೆಟ್ಟಿಲು ಹತ್ತುವಾಗ ಪ್ರಫುಲ್ಲಾ ಬಾಯಿಬಿಟ್ಟರು. ದೂಮಪ್ಪನವರಿಗೆ ರೇಗಿಹೋಯಿತು. ಹೆಂಡತಿ ಸುಳ್ಳು ಹೇಳಿದ್ದಕ್ಕೆ ಒಂದಿಷ್ಟು. ಕುರುಡರ ಕೂಟಕ್ಕೆ ತಾನೂ ಒಬ್ಬನಾಗಿ ಬಂದದ್ದಕ್ಕೆ ಅದಕ್ಕಿಂತ ಹೆಚ್ಚು. ಆದರೆ ಕಾರಿನ ಕೀಲಿ ಅವಳ ಕೈಯಲ್ಲಿದೆ, ಎಲ್ಲಿಗೆ ಹೋಗುವುದು?

ಕೂಟ ನಡೆಸುವವಳು ಸಂಯುಕ್ತಾ ಎಂಬ ಹುಡುಗಿ. ಅಪ್ಪ ಅಮ್ಮ ಮೈಸೂರಿನವರು, ಹುಟ್ಟಿದ್ದು ಬೆಳೆದದ್ದು ಕೊವೆಂಟ್ರಿಯಲ್ಲಿ. ಕನ್ನಡ ಪೂರ್ತಿ ತಿಳಿಯುತ್ತದೆ, ಬಾಯಿ ತೆರೆದರೆ ಬರುವುದು ಇಂಗ್ಲಿಷು. "ವೆಲ್ಕಮ್ ಅಂಕಲ್, ರಿಂಗ್ ಮತ್ತು ವಾಚ್ ತೆಗೀಬೇಕು, ಹ್ಯಾಂಡ್ಸ್ ವಾಶ್ ಮಾಡಬೇಕು, ದಟ್ಸ್ ಆಲ್" ಎಂದು ಅವಳು ಕಷ್ಟಪಟ್ಟು ಹೇಳಿದ್ದೇ ದೂಮಪ್ಪನವರಿಗೆ ಸಾಕಾಯಿತು. ಇಂಥ ಮಗುವಿನ ಮೇಲೆ ಎಷ್ಟು ಹೊತ್ತು ಸಿಟ್ಟು ಮಾಡುವುದು?

ಮೊದಲು ಮೇಜಿನ ಸುತ್ತ ಕೂರಿಸಿ ಪೂಜೆಯ ಸಾಮಾನುಗಳನ್ನು ಒಂದೊಂದಾಗಿ ಕೈಯಿಂದ ಕೈಗೆ ದಾಟಿಸಿದರು. ತೂಗುದೀಪ, ತೀರ್ಥದ ಉದ್ಧರಣೆ, ಆರತಿಯ ತಟ್ಟೆ. ದೂಮಪ್ಪನವರ ಪಕ್ಕದಲ್ಲಿ ಲ್ಯಾಂಕಶೈರಿನ ಒಬ್ಬ ಅಜ್ಜಿ, ಅವರ ಕಾಲ ಬಳಿ ದಾರಿ ತೋರಿಸುವ ನಾಯಿ. ಆಕೆ ಪ್ರತಿ ಸಾಮಾನನ್ನೂ ಸಂತೆಯಲ್ಲಿ ಬದನೆಕಾಯಿ ಆರಿಸುವಂತೆ ತಿರುಗಿಸಿ ಮುರುಗಿಸಿ ನೋಡಿ, "ಚೆನ್ನಾಗಿದೆ ಕಣಪ್ಪ" ಎಂದು ಇವರ ಕೈಗೆ ಕೊಡುತ್ತಿದ್ದರು. ಹಾಗೆ ಕೈಗೆ ಬಂದದ್ದು ಒಂದು ಗಂಟೆ.

ಹಿಡಿಯ ತುದಿಯಲ್ಲಿ ಗರುಡ. ಹಿಡಿ ನುಣ್ಣಗೆ ಸವೆದು ಸಣ್ಣಗಾಗಿದೆ. ದೂಮಪ್ಪನವರ ಕೈ ಹಿಡಿದಲ್ಲೇ ನಿಂತಿತು. ಪೂಜೆಯ ಗಂಟೆ! ಜೀವಮಾನವಿಡೀ ಇದರ ಸದ್ದು ಕೇಳಿದ್ದಾರೆ, ಹಿಡಿದಿಲ್ಲ. ಭಟ್ಟರಲ್ಲದೆ ಬೇರೆಯವರು ಇದನ್ನು ಹಿಡಿಯುತ್ತಾರೆಂಬ ಕಲ್ಪನೆಯೂ ಅವರಿಗಿರಲಿಲ್ಲ. "ಯು ಕ್ಯಾನ್ ರಿಂಗ್ ಇಟ್, ಅಂಕಲ್" ಎಂದಳು ಸಂಯುಕ್ತಾ. ಅವರು ಗಂಟೆಯ ನಾಲಗೆಯನ್ನು ಬೆರಳಿನಿಂದ ಒತ್ತಿ ಹಿಡಿದು, ಸದ್ದಾಗದಂತೆ ಅಜ್ಜಿಗೇ ಮರಳಿ ಕೊಟ್ಟರು. ಅಜ್ಜಿ ಹಿಂದೆ ಮುಂದೆ ನೋಡದೆ ಐಸ್‌ಕ್ರೀಮ್ ಗಾಡಿಯವನಂತೆ ಬಾರಿಸಿಬಿಟ್ಟರು.

ಆ ಸದ್ದು! ದೂಮಪ್ಪನವರ ಮೈ ಜುಂ ಎಂದಿತು. ಕಾಣದಿದ್ದರೂ ಕೇಳುತ್ತಿದ್ದದ್ದು ಅದೊಂದೇ. ಎರಡು ಬಾಗಿಲು ದಾಟಿ, ಜನರ ತಲೆ ದಾಟಿ, ಧ್ವಜಸ್ತಂಭ ದಾಟಿ ಹೊರ ಅಂಗಳದವರೆಗೆ ಬರುತ್ತಿದ್ದದ್ದು ಅದೊಂದೇ. ಅದನ್ನು ಒಳಗೇ ತಡೆದು ನಿಲ್ಲಿಸಲು ಯಾರಿಂದಲೂ ಆಗುತ್ತಿರಲಿಲ್ಲ. ಸಿಟ್ಟು ಯಾವಾಗ ಇಳಿಯಿತೋ ಅವರಿಗೇ ತಿಳಿಯಲಿಲ್ಲ.

"ಈಗ ದೊಡ್ಡ ವಿಗ್ರಹ" ಎಂದು ಸಂಯುಕ್ತಾ ಎಲ್ಲರನ್ನೂ ಪಕ್ಕದ ಕೋಣೆಗೆ ಕರೆದೊಯ್ದಳು. ಅವಳು ಇಂಗ್ಲಿಷಿನಲ್ಲಿ ವಿವರಿಸಿದಳು. ಗಟ್ಟಿ ಕರಿಕಲ್ಲಿನ ದೇವಿ, ಆಳೆತ್ತರಕ್ಕೆ ತುಸು ಕಡಿಮೆ. ಕರ್ನಾಟಕದ ಕಡೆಯದು, ಎಂಟುನೂರು ವರ್ಷ ಹಳೆಯದಿರಬಹುದು. ಬಹಳ ಹಿಂದೆ ಇಲ್ಲಿನ ಯಾರದೋ ತೋಟದಲ್ಲಿ ಅಲಂಕಾರಕ್ಕೆ ನಿಂತಿತ್ತು, ಅಲ್ಲಿಂದ ಮ್ಯೂಸಿಯಮಿಗೆ ಬಂತು. ಬಲಗೈ ಮೊಣಕೈಯಿಂದ ಕೆಳಗೆ ಇಲ್ಲ, ಎಡಗೈಯಲ್ಲಿ ಹಿಡಿದಿದ್ದದ್ದೂ ಮುರಿದಿದೆ. ಹಾಗಾಗಿ ಯಾವ ದೇವಿ ಎಂದು ಗೊತ್ತಾಗುವುದಿಲ್ಲ.

"ಹೆಸರು ಗೊತ್ತಿಲ್ವಾ?" ಎಂದರು ದೂಮಪ್ಪನವರು.

"ವಿ ಡೋಂಟ್ ನೋ, ಅಂಕಲ್. ನಿಜವಾಗಿ ಗೊತ್ತಿಲ್ಲ."

ಅಜ್ಜಿಯ ಸರದಿ ಮುಗಿಯಿತು, ಇವರದು ಬಂತು. ಪ್ರಫುಲ್ಲಾ ಮೊಣಕೈ ಹಿಡಿದು ಮುಂದೆ ಬಿಟ್ಟರು. ನಡುವೆ ಹಗ್ಗವಿಲ್ಲ, ಕಟಕಟೆಯಿಲ್ಲ, ಭಟ್ಟರಿಲ್ಲ. ಬೂದಿ ಬಣ್ಣದ ತೂತಿನ ಸುತ್ತ ಒಂದು ಕಪ್ಪು ಆಕಾರದ ಅಂಚು ಮಾತ್ರ ಕಾಣುತ್ತಿತ್ತು. ದೂಮಪ್ಪನವರು ಬಗ್ಗಿ ಎರಡೂ ಕೈಯಿಂದ ಪಾದ ಮುಟ್ಟಿದರು. ಮುಟ್ಟಿದ್ದೇ ತಡ, ಆ ಕೈಗಳು ಅವರ ಅಪ್ಪಣೆಯನ್ನೂ ಕೇಳದೆ ಹಾರಿ ಬಂದು ಎರಡೂ ಕಣ್ಣಿಗೆ ಒತ್ತಿಕೊಂಡವು.

"ಅಂಕಲ್, ಸಾರಿ!" ಸಂಯುಕ್ತಾ ಹತ್ತಿರ ಬಂದಳು. "ಕಣ್ಣಿಗೆ ಆಯಿಂಟ್‌ಮೆಂಟ್ ಹಾಕಿದ್ದೀರಾ?"

ಹಾಕಿದ್ದರು. ಕೈಗೆ ಜಿಡ್ಡು ಹತ್ತಿತ್ತು. ಕಲ್ಲು ಜಿಡ್ಡು ಕುಡಿದರೆ ಕಲೆ ಬೀಳುತ್ತದೆ, ಮುಖ ಮುಟ್ಟಿಕೊಂಡರೆ ಮತ್ತೆ ಕೈ ತೊಳೆದೇ ಬರಬೇಕು ಎಂದು ಅವಳು ಮೆಲ್ಲಗೆ ತಿಳಿಸಿದಳು. ಪ್ರಫುಲ್ಲಾ ಕರೆದುಕೊಂಡು ಹೋಗಿ ಸೋಪು ಹಾಕಿಸಿ ಕೈ ತೊಳೆಸಿದರು, ಬರುವಾಗ ಬುದ್ಧಿಯನ್ನೂ ಹೇಳಿದರು. ದೂಮಪ್ಪನವರು ಬಂದು ಮತ್ತೆ ಬಗ್ಗಿದರು. ಪಾದಕ್ಕೆ ಬೆರಳು ತಾಗಿತು. ಕೈ ಮತ್ತೆ ಕಣ್ಣಿಗೆ!

ಅದನ್ನು ತಡೆಯುವುದು ಹೇಗೆಂದು ನೀವೇ ಹೇಳಿ. ಪುಸ್ತಕ ಕಾಲಿಗೆ ತಾಗಿದರೆ, ಆರತಿ ತಟ್ಟೆ ಹತ್ತಿರ ಬಂದರೆ, ಹಿರಿಯರ ಪಾದ ಮುಟ್ಟಿದರೆ ಕೈ ತಾನಾಗಿ ಕಣ್ಣಿಗೆ ಹೋಗುತ್ತದೆ. ನಡೆಯಲು ಕಲಿಯುವ ಮೊದಲೇ ಅಮ್ಮಂದಿರು ಮಕ್ಕಳ ಕೈ ಹಿಡಿದು ಕಲಿಸಿಬಿಟ್ಟಿರುತ್ತಾರೆ. ಬೇರೆ ಯಾರಿಗೂ ಈ ಪಾಡು ಬರಲಿಲ್ಲ. ಅಜ್ಜಿ ಮುಟ್ಟಿದರು, ನಕ್ಕರು, ಕೈ ಕೆಳಗಿಟ್ಟರು.

ಎರಡನೇ ಸಲ ಕೈ ತೊಳೆದು ಬಂದಾಗ ಸಂಯುಕ್ತಾಳ ದನಿ ಸಣ್ಣದಾಗಿತ್ತು. "ಅಂಕಲ್, ಐ ಫೀಲ್ ಟೆರಿಬಲ್. ಆದ್ರೆ ಇನ್ನೊಂದ್ಸಲ ಆದ್ರೆ ನಾನು ಸ್ಟಾಪ್ ಮಾಡಬೇಕಾಗುತ್ತೆ. ರೂಲ್ಸ್."

ಅಂದು ಅಂಗಳದಲ್ಲಿ ತಪ್ಪಿತು, ಇಂದು ಇಲ್ಲಿ. ಇಷ್ಟು ಹತ್ತಿರ ಬಂದು, ಅದೂ ತನ್ನ ಕೈಯಿಂದಲೇ ಕೆಟ್ಟಿತು. "ಬೇಡ, ಮನೆಗೆ ಹೋಗುವ" ಎಂದು ದೂಮಪ್ಪನವರು ಹೆಂಡತಿಯ ಕಡೆ ತಿರುಗಿದರು. "ಕೈ ಮುಗಿಯದೆ ದೇವರನ್ನು ಮುಟ್ಟುವುದು ನನ್ನಿಂದ ಆಗುವುದಿಲ್ಲ. ಹೆಸರೂ ಗೊತ್ತಿಲ್ಲ, ಎಂತ ಹೇಳಿ ಮುಟ್ಟುವುದು?"

ಬದಿಯ ಬೆಂಚಿನಲ್ಲಿ ಕೂತಿದ್ದ ಅಜ್ಜಿ, ಇವರ ಕನ್ನಡ ಅರ್ಥವಾಗದೆ, ತಮ್ಮದೇ ಮಾತು ತೆಗೆದರು. "ನಿನ್ನ ಹೆಂಡತಿ ಹೇಳಿದಳು, ನೀನು ಫಿಸಿಯೋ ಅಂತೆ. ನನಗೆ ಹೊಸ ಸೊಂಟ ಹಾಕಿದ್ದಾರೆ. ಹೀಗೆ ನಿಲ್ಲಬೇಡ, ಹಾಗೆ ನಿಲ್ಲಬೇಡ ಅಂತ ದಿನಾ ಬೈಸಿಕೊಳ್ತೀನಿ. ಈ ಹೆಂಗಸು ನೋಡು, ಸೊಂಟ ಪೂರ್ತಿ ಒಂದು ಕಡೆಗೆ ಬಿಟ್ಟು ನಿಂತಿದ್ದಾಳೆ. ಎಂಟುನೂರು ವರ್ಷ ಹೀಗೆ ನಿಂತರೆ ಅವಳಿಗೆ ಏನೂ ಆಗಲ್ವಾ?"

ದೂಮಪ್ಪನವರು ತಿರುಗಿದರು. ಎಷ್ಟೋ ಕಾಲದಿಂದ ಯಾರೂ ಅವರನ್ನು ಇಂಥ ಪ್ರಶ್ನೆ ಕೇಳಿರಲಿಲ್ಲ. ಮೂವತ್ತು ವರ್ಷ ಬಾಯಲ್ಲಿದ್ದ ಇಂಗ್ಲಿಷು ತಾನಾಗಿ ಬಂತು. "ನೋಡದೆ ಹೇಗೆ ಹೇಳುವುದು? ನೋಡಬೇಕು."

ಅವರು ಮತ್ತೆ ಬಗ್ಗಿದರು. ಈ ಸಲ ಕೈ ಮುಗಿಯುವ ಕೈಯಾಗಿರಲಿಲ್ಲ. ಹಿಮ್ಮಡಿ ಹಿಡಿದ ಕೂಡಲೇ ಹಳೆಯ ಕೆಲಸದ ಕೈಯಾಯಿತು, ಆ ಕೈಗೆ ಕಣ್ಣಿನ ಕಡೆ ಹೋಗುವ ಅಭ್ಯಾಸವಿಲ್ಲ. ಎಡ ಹಿಮ್ಮಡಿ ಪೀಠಕ್ಕೆ ಊರಿದೆ, ಭಾರವೆಲ್ಲ ಅಲ್ಲೇ. ಬಲಪಾದ ಸ್ವಲ್ಪ ಮುಂದೆ, ಹಗುರ. ಕಾಲಿನ ಬೆರಳುಗಳು ಸವೆದು ಹೋಗಿವೆ. ಉಗುರಿಲ್ಲ, ಗೆರೆಯಿಲ್ಲ, ಹೊಳೆಯ ಕಲ್ಲಿನಷ್ಟು ನುಣುಪು.

"ಇದು ಯಾಕೆ ಹೀಗೆ?"

"ಜನ ಮುಟ್ಟಿ ಮುಟ್ಟಿ ಇರಬಹುದು ಅಂಕಲ್. ಗುಡಿಯ ಒಳಗೆ ಇದ್ದಿದ್ರೆ ಇಷ್ಟು ಆಗ್ತಿರಲಿಲ್ಲ ಅಂತ ಕೆಲವರು ಅಂತಾರೆ. ಹೊರಗೆ ಎಲ್ಲೋ, ಎಲ್ಲರ ಕೈಗೆ ಸಿಗೋ ಹಾಗೆ ನಿಂತಿದ್ಲೋ ಏನೋ" ಎಂದಳು ಸಂಯುಕ್ತಾ ಇಂಗ್ಲಿಷಿನಲ್ಲಿ.

ದೂಮಪ್ಪನವರು ಆ ಸವೆದ ಬೆರಳುಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದರು. ಎಷ್ಟು ಕೈಗಳು! ಎಂಥೆಂಥವರ ಕೈಗಳು! ಮಗುವನ್ನು ಹೆಗಲ ಮೇಲೆ ಎತ್ತಿ ನಿಲ್ಲುವ ಗರಜೇ ಇಲ್ಲದೆ, ಬಂದು ಬಗ್ಗಿ ಮುಟ್ಟಿ ಹೋದ ತಾಯಂದಿರೂ ಅದರಲ್ಲಿ ಇದ್ದಿರಬಹುದು. ಕಣ್ಣಿಗೆ ಒತ್ತಿಕೊಳ್ಳಲು ಕೈ ತುಡಿಯಿತು. ಅವರು ಹಲ್ಲು ಕಚ್ಚಿ ಅದನ್ನು ಮೇಲಕ್ಕೆ ಸಾಗಿಸಿದರು.

ಮೀನಖಂಡ. ಮಂಡಿಚಿಪ್ಪು. ಭಾರ ಹೊತ್ತ ಎಡಮಂಡಿ ಹಿಂದಕ್ಕೆ ಬಿಗಿದಿದೆ, ಹಗುರಾದ ಬಲಮಂಡಿ ಮುಂದಕ್ಕೆ ಸಡಿಲಿದೆ. ಒಂದು ಕಲ್ಲಿನಲ್ಲಿ ಎರಡು ಬೇರೆ ಬೇರೆ ಮಂಡಿಗಳು! ಸೀರೆಯ ನೆರಿಗೆಯ ಮೇಲಿಂದ ಕೈ ಸೊಂಟಕ್ಕೆ ಬಂತು. ಎಡಸೊಂಟದ ಮೂಳೆ ಮೇಲೆದ್ದಿದೆ. ಏಳಲೇಬೇಕು. ಹಾಗಾದರೆ ಬೆನ್ನೆಲುಬು ಬಾಗಿರಬೇಕು, ಎಡಭುಜ ಇಳಿದಿರಬೇಕು. ಇಷ್ಟನ್ನು ಮನಸ್ಸು ಮೊದಲೇ ಹೇಳಿತು, ಕೈ ಆಮೇಲೆ ಹೋಯಿತು. ಭುಜ ಇಳಿದಿತ್ತು. ಎಷ್ಟು ಇಳಿಯಬೇಕೋ ಅಷ್ಟೇ. ಆಸ್ಪತ್ರೆಯಲ್ಲಿ ವರ್ಷವರ್ಷವೂ ವಿದ್ಯಾರ್ಥಿಗಳಿಗೆ ಪ್ಲಾಸ್ಟಿಕ್ಕಿನ ಮೂಳೆ ಇಟ್ಟು ಗಂಟಲು ಹರಿಯುವಂತೆ ಹೇಳಿಕೊಟ್ಟದ್ದು ಇದನ್ನೇ. ಅದು ಎಂದೋ, ಯಾವುದೋ ಊರಿನಲ್ಲಿ, ಉಳಿ ಹಿಡಿದ ಒಬ್ಬ ಮನುಷ್ಯನಿಗೆ ಗೊತ್ತಿತ್ತು. ಅಮ್ಮನ ಮೈಯನ್ನೋ ಹೆಂಡತಿಯ ಮೈಯನ್ನೋ ಅವನು ಎಷ್ಟು ಪ್ರೀತಿಯಿಂದ ನೋಡಿರಬೇಕು!

"ಏನಂತೆ, ಸೊಂಟ ಸರಿಯಿದೆಯಾ?" ಅಜ್ಜಿ ಬೆಂಚಿನಿಂದ ಕೂಗಿದರು.

"ಸರಿಯಿದೆ. ಇವಳು ಇನ್ನೂ ಎಂಟುನೂರು ವರ್ಷ ನಿಲ್ಲುತ್ತಾಳೆ" ಎಂದರು ದೂಮಪ್ಪನವರು.

ಮುರಿದ ಬಲಗೈಯ ತುದಿ ಚೂಪಾಗಿರಬಹುದೆಂದು ಹೆದರಿ ಹೆದರಿ ಮುಟ್ಟಿದರು. ಅದು ಕೂಡ ಸವೆದು ಉರುಟಾಗಿತ್ತು. ಕೈ ಕಳೆದುಕೊಂಡವರ ಗಾಯ ಒಣಗಿ, ಚರ್ಮ ಕೂಡಿಕೊಂಡ ಮೇಲೆ ಹೀಗೇ ಇರುತ್ತದೆ. ಅಂಥ ಎಷ್ಟೋ ತುದಿಗಳನ್ನು ಅವರು ಅಂಗೈಯಲ್ಲಿ ಹಿಡಿದು, ಇನ್ನು ಕೆಲಸ ಶುರುಮಾಡಬಹುದು ಎಂದು ಧೈರ್ಯ ಹೇಳಿದ್ದುಂಟು. ಭಿನ್ನವಾದ ವಿಗ್ರಹ ಪೂಜೆಗೆ ಸಲ್ಲ ಎನ್ನುತ್ತಾರೆ. ಇರಬಹುದು. ಈ ದೇವಿಗೆ ತನ್ನ ಕೈ ಹೋದದ್ದು ನೆನಪೇ ಇದ್ದಂತಿರಲಿಲ್ಲ. ಹೋದದ್ದು ಒಂದು ಕೈ, ಉಳಿದ ಮೈಯೆಲ್ಲ ಹಾಗೇ ಹಗುರವಾಗಿ ನಿಂತಿತ್ತು.

ಆಮೇಲೆ ಅವರು ಹಿಂದಕ್ಕೆ ಹೋದರು. ಯಾರೂ ಹೋಗು ಎನ್ನಲಿಲ್ಲ. ರೋಗಿಯ ಬೆನ್ನು ನೋಡದೆ ಬಿಟ್ಟು ಅಭ್ಯಾಸವಿಲ್ಲ, ಅದಕ್ಕೇ ಹೋದರು. ಒರಟು ಕಲ್ಲು ಇರುತ್ತದೆ ಎಂದುಕೊಂಡಿದ್ದರು. ಗೋಡೆಗೆ ಒರಗಿಸಿ ನಿಲ್ಲಿಸುವ ವಿಗ್ರಹಕ್ಕೆ ಬೆನ್ನು ಯಾಕೆ? ಕೈಯಿಟ್ಟರೆ ಜಡೆ ಸಿಕ್ಕಿತು. ಜಡೆಯ ಅಡಿಯಲ್ಲಿ ಬೆನ್ನೆಲುಬಿನ ಕಾಲುವೆ, ಸೊಂಟ ಬಾಗಿದಲ್ಲಿ ಅದೂ ಬಾಗಿದೆ. ಹೆಗಲ ಮೂಳೆಗಳು ಒಂದು ಮೇಲೆ, ಒಂದು ಕೆಳಗೆ. ಕೆಳಭಾಗದಲ್ಲಿ ಉಳಿಯ ಗೆರೆಗಳು ಹಾಗೇ ಉಳಿದಿವೆ, ಒಂದರ ಪಕ್ಕ ಒಂದು, ಶಿಲ್ಪಿ ಆಗಷ್ಟೇ ಕೈ ಎತ್ತಿ ಊಟಕ್ಕೆ ಹೋದಂತೆ. ಭಕ್ತರು ನೋಡದ ಬೆನ್ನು. ಭಟ್ಟರೂ ನೋಡದ ಬೆನ್ನು. ಗೋಡೆಯ ಕಡೆಗಿರುವ ಈ ಬೆನ್ನನ್ನು ಅವನು ಯಾರಿಗಾಗಿ ಕಡೆದ? ಇದು ನುಣುಪಾಯಿತೋ ಇಲ್ಲವೋ ಎಂದು ತಿಳಿಯಲು ಅವನೂ ಕಣ್ಣನ್ನು ನಂಬದೆ ಹೀಗೇ ಅಂಗೈ ಆಡಿಸಿರಬೇಕು. ಇದೇ ಜಾಗದಲ್ಲಿ, ಹೀಗೇ. ದೂಮಪ್ಪನವರಿಗೆ ಮೈಯೆಲ್ಲ ಮುಳ್ಳೆದ್ದಿತು. ಎಂಟುನೂರು ವರ್ಷದ ಆಚೆಯ ಒಂದು ಕೈಯ ಮೇಲೆ ತಮ್ಮ ಕೈ ಕೂತಂತೆ ಆಯಿತು.

ಕೊನೆಗೆ ಮುಖ. ಸಂಯುಕ್ತಾ ಒಂದು ಸಣ್ಣ ಮೆಟ್ಟಿಲು ತಂದಿಟ್ಟಳು. ಹತ್ತುವಾಗ ಪ್ರಫುಲ್ಲಾ ಹಿಂದಿನಿಂದ ಸೊಂಟ ಹಿಡಿದುಕೊಂಡರು. ಮೂಗಿನ ತುದಿ ಇರಲಿಲ್ಲ. ಗದ್ದ ಇತ್ತು, ಕೆನ್ನೆ ಇತ್ತು. ತುಟಿಯ ಎರಡೂ ಕೊನೆಗಳು ತುಸು ಒಳಕ್ಕೆ ಹೋಗಿದ್ದವು. ನಗುವಿನ ಮೊದಲು ಹಾಗಾಗುತ್ತದೆ. ಬೆಳ್ಳಿಯ ಮುಖವಾಡವಿಲ್ಲ, ಹೂವಿಲ್ಲ. ಎದುರಿಗಿದ್ದವರ ಮುಖವೆಲ್ಲ ತೂತಾಗಿ ಹೋದ ಮೇಲೆ ಅವರಿಗೆ ಪೂರ್ತಿಯಾಗಿ ಸಿಕ್ಕಿದ ಮೊದಲ ಮುಖ ಇದು. ಹುಬ್ಬಿನ ಕೆಳಗೆ ಹೆಬ್ಬೆರಳು ಇಟ್ಟಾಗ ಬಾದಾಮಿಯ ಆಕಾರದ ಎರಡು ಕಣ್ಣು ತಿಳಿದವು. ಅರ್ಧ ತೆರೆದ ಕಣ್ಣು. ಅದು ಎತ್ತರಕ್ಕೆ ನೋಡುತ್ತಿರಲಿಲ್ಲ, ದೂರಕ್ಕೂ ನೋಡುತ್ತಿರಲಿಲ್ಲ. ಕೆಳಗೆ, ಪಾದದ ಬಳಿ ಬಂದು ನಿಂತವರನ್ನು ನೋಡುತ್ತಿತ್ತು.

ಅವರು ಇಳಿದರು. ಎರಡೂ ಕೈಗಳನ್ನು ಮೈಯಿಂದ ದೂರಕ್ಕೆ, ಎಣ್ಣೆ ಮೆತ್ತಿದ ಕೈಯಂತೆ ಎತ್ತಿ ಹಿಡಿದುಕೊಂಡೇ ನಿಂತರು. ಸಂಯುಕ್ತಾಳಿಗೆ ಅರ್ಥವಾಯಿತು. "ನಿಮ್ಮದೇ ಲಾಸ್ಟ್ ಅಂಕಲ್. ಮುಗೀತು" ಎಂದಳು, ಒಂದೆರಡು ಇಂಗ್ಲಿಷು ಮಾತು ಬಿಟ್ಟರೆ ಉಳಿದದ್ದೆಲ್ಲ ಕನ್ನಡದಲ್ಲೇ. "ಈಗ ಕಣ್ಣಿಗೆ ಒತ್ತಿಕೊಳ್ಳಿ."

ದೂಮಪ್ಪನವರು ಒತ್ತಿಕೊಂಡರು. ಒತ್ತಿಕೊಂಡವರು ತೆಗೆಯಲೇ ಇಲ್ಲ. ಬೆರಳುಗಳ ಸಂದಿಯಿಂದ ನೀರು ಇಳಿದು ಮೊಣಕೈವರೆಗೆ ಹರಿಯಿತು. ಅಜ್ಜಿಯ ನಾಯಿ ಎದ್ದು ಬಂದು ಅವರ ಕಾಲು ಮೂಸಿ, ಅಲ್ಲೇ ಕೂತಿತು. 'ಹರಕೆ' ಎಂದು ಸುಳ್ಳು ಹೇಳಿ ಕರೆತಂದದ್ದು ಈಗ ತಪ್ಪಾಯಿತೋ ಎಂದು ಪ್ರಫುಲ್ಲಾಗೆ ಭಯ. ಹತ್ತಿರ ಬಂದು, ಭುಜದ ಮೇಲೆ ಕೈಯಿಟ್ಟು, ಮನೆಯ ಭಾಷೆಯಲ್ಲಿ ಮೆತ್ತಗೆ ಕೇಳಿದರು. ಅದು ದೂಮಪ್ಪನವರ ಅಮ್ಮ ಕೇಳುತ್ತಿದ್ದ ಮಾತೆಂದು ಅವರಿಗೆ ಹೇಗೆ ಗೊತ್ತಿರಬೇಕು?

"ತೋಜುಂಡಾ?"

ದೂಮಪ್ಪನವರ ತೊಡೆಗೆ ಎಂದೋ ಇಲ್ಲವಾದ ಒಂದು ಹೆಗಲಿನ ನಡುಕ ತಿಳಿಯಿತು. ಆ ಹೆಗಲಿನಿಂದ ಇನ್ನು ಇಳಿಯಬಹುದು.

"ತೋಜುಂಡು" ಎಂದರು. "ಸರಿಯಾಗಿ ತೋಜುಂಡು."